ಹಾಲುಹಲ್ಲಿಗೆ ಕಟ್ಟಿದ ರೇಷ್ಮೆ ದಾರ

ಯಶೋಧಾ ಚಿನ್ನಮ್ಮನನ್ನು ಮೊದಲು ನೋಡಿದ್ದು ಬೈರಮಂಗಲದಿಂದ ಸ್ವಲ್ಪ ಆಚೆಗಿರುವ ಒಂದು ಹಳ್ಳಿಯ ಶಾಲೆಯ ಜಗಲಿಯ ಮೇಲೆ. ಆದರೆ ಚಿನ್ನಮ್ಮನಿಗಿಂತ ಮುಂಚೆ ಅವಳಿಗೆ ಕಂಡದ್ದು ಚಿನ್ನಮ್ಮ ಕಟ್ಟಿದ ದಾರ.

ಸಂಕ್ರಾಂತಿ ಕಳೆದ ಮೇಲಿನ ಒಂದು ಬೆಳಗ್ಗೆ. ರಾಮನಗರದ ದಂತ ಕ್ಲಿನಿಕ್ಕೊಂದರಲ್ಲಿ ಕೆಲಸಕ್ಕೆ ಸೇರಿ ಅವಳಿಗಿನ್ನೂ ವರ್ಷ ತುಂಬಿರಲಿಲ್ಲ. ಶಾಲೆಯ ಮಕ್ಕಳ ಹಲ್ಲು ನೋಡಿಕೊಂಡು ಬಾ ಎಂದು ಕ್ಲಿನಿಕ್ಕಿನವರು ಕಳಿಸಿದ್ದರು. ಬಿಸಿಲು ನೇರ ಬೀಳುವ ಜಾಗ ನೋಡಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದಳು. ಪಕ್ಕದ ಬೆಂಚಿನ ಮೇಲೆ ಕುದಿಸಿ ತಂದ ಪುಟ್ಟ ಕನ್ನಡಿಗಳು, ಒಂದು ಟಾರ್ಚು, ಕೈಗವಸಿನ ಡಬ್ಬಿ. ಹಿಂದಿನ ಅಡುಗೆಕೋಣೆಯಿಂದ ಬಿಸಿಯೂಟದ ಸಾರಿನ ಒಗ್ಗರಣೆ ವಾಸನೆ ಬರುತ್ತಿತ್ತು. ಸಾಲಿನಲ್ಲಿ ನಿಂತ ಮಕ್ಕಳು ಒಬ್ಬರ ಬಾಯೊಳಗೆ ಒಬ್ಬರು ಇಣುಕಿ ನೋಡಿಕೊಂಡು ನಗುತ್ತಿದ್ದರು.

ಎರಡನೇ ಕ್ಲಾಸಿನ ಮಧುಕುಮಾರ್ ಕುರ್ಚಿಗೆ ಹತ್ತಿ ಕುಳಿತು ಹೇಳುವ ಮೊದಲೇ ಬಾಯಿ ಅಗಲಿಸಿದ. ಯಶೋಧಾ ಟಾರ್ಚಿನ ಬೆಳಕು ಬಿಟ್ಟಳು. ಕೆಳಗಿನ ಮುಂಹಲ್ಲುಗಳು ಹೊಸದಾಗಿ ಬಂದಿದ್ದವು. ಆ ವಯಸ್ಸಿಗೆ ಸಹಜವಾಗಿ ಒಂದನ್ನೊಂದು ಒತ್ತಿಕೊಂಡು ಸ್ವಲ್ಪ ತಿರುಚಿ ನಿಂತಿದ್ದವು. ಅವುಗಳ ಪಕ್ಕದ ಹಾಲುಕೋರೆಯ ಬುಡದಲ್ಲಿ ಏನೋ ಹೊಳೆಯಿತು. ಬೆಳಗ್ಗೆ ತಿಂದದ್ದು ಸಿಕ್ಕಿಕೊಂಡಿರಬೇಕು ಎಂದುಕೊಂಡು ಕನ್ನಡಿ ತಿರುಗಿಸಿ ನೋಡಿದಳು. ಅನ್ನವಲ್ಲ, ನಾರೂ ಅಲ್ಲ. ಬಂಗಾರದ ಬಣ್ಣದ ರೇಷ್ಮೆ ಎಳೆ. ಹಲ್ಲಿನ ಕುತ್ತಿಗೆಗೆ ಬಿಗಿದು ಗಂಟು ಹಾಕಿತ್ತು. ಸುತ್ತಲಿನ ವಸಡು ಕೆಂಪಗೆ ಊದಿತ್ತು.

ಕಾಲೇಜಿನ ಐದು ವರ್ಷದಲ್ಲಿ ಎಂಥೆಂಥ ಬಾಯಿ ನೋಡಿದ್ದಳು. ಆದರೆ ಮಗುವಿನ ಹಲ್ಲಿಗೆ, ಗೂಟಕ್ಕೆ ಕರು ಕಟ್ಟಿದಂತೆ, ದಾರ ಕಟ್ಟಿದ್ದನ್ನು ನೋಡಿರಲಿಲ್ಲ.

"ಏನೋ ಇದು?"

"ದಾರ," ಅಂದ ಮಧುಕುಮಾರ್, ಇಷ್ಟೂ ಗೊತ್ತಾಗುವುದಿಲ್ಲವೇ ಎಂಬಂತೆ.

"ಯಾರು ಕಟ್ಟಿದ್ದು?"

"ಹಲ್ಲಜ್ಜಿ. ಹಲ್ಲು ಒತ್ತಾಗವೆ ಅಂತ. ದಿನಾ ಒಸಿ ಒಸಿ ಬಿಗಿ ಮಾಡ್ತಾಳೆ. ಆಮೇಲೆ ಅಲ್ಲಾಡ್ತದೆ. ಆಮೇಲೆ ಪಟ್ ಅಂತ ಬಂದ್ಬುಡ್ತದೆ."

ಮುಂದಿನ ಹುಡುಗಿಯ ಬಾಯಲ್ಲೂ ದಾರವಿತ್ತು. ಅದರ ಮುಂದಿನವನ ಬಾಯಲ್ಲಿ ದಾರವಿರಲಿಲ್ಲ, ಹಾಲುಕೋರೆಗಳೇ ಇರಲಿಲ್ಲ. ಇನ್ನೂ ಎರಡು ಮೂರು ವರ್ಷ ಬಾಯಲ್ಲಿ ಇರಬೇಕಾದ ಹಲ್ಲುಗಳು. ಸಾಲು ಸರಿಯುತ್ತಾ ಹೋದಂತೆ ಅಂಥ ಬಾಯಿಗಳು ಹೆಚ್ಚುತ್ತಾ ಹೋದವು. ಒಂದು ಊರಿನ ಮಕ್ಕಳಿಗೆಲ್ಲ ಒಂದೇ ಜಾಗದ ಹಲ್ಲು ಹೇಗೆ ಹೋಗುತ್ತದೆ? ಅವಳು ಮಧುಕುಮಾರನನ್ನು ಮತ್ತೆ ಕರೆದು ಕೂರಿಸಿ, ಸಣ್ಣ ಕತ್ತರಿಯಿಂದ ದಾರವನ್ನು ಕತ್ತರಿಸಿ ತೆಗೆದಳು. ನೋವಾಗಲಿಲ್ಲ. ಆದರೂ ಅವನು ಗೊಳೋ ಎಂದು ಅತ್ತ. "ಹಲ್ಲಜ್ಜಿ ಬಯ್ತಾಳೆ!" ಎಂದು ಕಿರುಚುತ್ತಾ ಗೇಟು ದಾಟಿ ಓಡಿಹೋದ.

ಸ್ವಲ್ಪ ಹೊತ್ತಿಗೆ ಅದೇ ಗೇಟಿನಿಂದ ಒಬ್ಬ ಹೆಂಗಸು ಬಂದಳು. ಗಿಡ್ಡ ಮೈಕಟ್ಟು, ಅರವತ್ತರ ಆಸುಪಾಸು. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ತಲೆಯಲ್ಲಿ ಒಂದು ಚೂರು ಹಿಪ್ಪುನೇರಳೆ ಸೊಪ್ಪು ಅಂಟಿಕೊಂಡಿತ್ತು. ಬೆರಳುಗಳು ಸೊಪ್ಪಿನ ರಸಕ್ಕೆ ಹಸಿರುಗಪ್ಪಾಗಿದ್ದವು. ಮೆಟ್ಟಿಲ ಕೆಳಗೇ ನಿಂತು, ಜಗಲಿಯ ಮೇಲಿದ್ದವರೆಲ್ಲರನ್ನೂ ಒಂದು ಸುತ್ತು ನೋಡಿದಳು.

"ಯಾರವ್ವ ಅದು, ನನ್ನ ದಾರ ಕತ್ತರ್ಸಿದ್ದು?"

"ನಾನೇ," ಅಂದಳು ಯಶೋಧಾ. "ನೀವೇನಾ ಕಟ್ಟಿದ್ದು?"

"ಇನ್ಯಾರು ಕಟ್ಟಾರು? ನಾಳಿಕ್ಕೆ ಬರೋ ಹಲ್ಲು ಕಣವ್ವ ಅದು. ಇನ್ನೊಂದ್ ಸುತ್ತು ಬಿಗಿದಿದ್ರೆ ಆಗೋಗದು. ಅನ್ನ ಬೇಯ್ತಾ ಇರೋವಾಗ ಒಲೆಗೆ ನೀರು ಹುಯ್ದಂಗೆ ಮಾಡ್ಬುಟ್ಯಲ್ಲ!"

"ಅಜ್ಜಿ, ಅದು ಬೀಳೋ ಹಲ್ಲಲ್ಲ. ಗಟ್ಟಿಯಾಗಿದ್ದ ಹಲ್ಲು. ದಾರ ವಸಡಿನ ಒಳಗೆ ಇಳಿದುಹೋಗಿದ್ರೆ ಕೆಳಗಿನ ಮೂಳೆಗೇ ಪೆಟ್ಟು ಬೀಳ್ತಿತ್ತು."

"ನಮ್ಮೂರಲ್ಲಿ ಯಾರ ಮೂಳೆಗೆ ಏನಾಗೈತೆ, ತೋರ್ಸು." ಚಿನ್ನಮ್ಮ ಮೆಟ್ಟಿಲು ಹತ್ತಿ ಬಂದು ಸಾಲಿನಿಂದ ಒಬ್ಬ ಹುಡುಗಿಯನ್ನು ರಟ್ಟೆ ಹಿಡಿದು ಮುಂದೆ ನಿಲ್ಲಿಸಿದಳು. "ಇವ್ಳು ನನ್ನ ಮೊಮ್ಮಗಳು ಅಮೂಲ್ಯ. ಬಾಯಿ ತಗಿ ಮಗ. ಹೋದ ವರ್ಷ ಇವ್ಳ ಹಲ್ಲು ಹೆಂಗಿದ್ದೋ ಗೊತ್ತಾ? ಸಂತೇಲಿ ಜನ ನುಗ್ಗಾಡ್ದಂಗೆ. ಎರಡೂ ಕಡೆ ಒಂದೊಂದು ತಗುದೆ. ಈಗ ನೋಡು."

ಯಶೋಧಾ ನೋಡಿದಳು. ಕೆಳಗಿನ ನಾಲ್ಕು ಮುಂಹಲ್ಲು ಅಚ್ಚುಕಟ್ಟಾಗಿ ನಿಂತಿದ್ದವು. ಅದೇ ಅವಳನ್ನು ಇನ್ನಷ್ಟು ಬೆಚ್ಚಿಬೀಳಿಸಿತು. ಹಲ್ಲುಗಳು ನೇರವಾಗಿದ್ದದ್ದು ನಿಜ. ಆದರೆ ಕೋರೆಹಲ್ಲು ಬರಬೇಕಾದ ಜಾಗ ಎಲ್ಲಿ? ಮುಂಹಲ್ಲುಗಳು ಹರಡಿಕೊಂಡು ಹಿಂದಿನ ಹಲ್ಲಿಗೆ ತಾಗಿಬಿಟ್ಟಿದ್ದವು. ನಡುವೆ ಒಂದು ಕಾಗದ ತೂರಿಸಲೂ ಸಂದಿರಲಿಲ್ಲ.

"ಈ ಮಗುವಿಗೆ ಮುಂದೆ ಕೋರೆಹಲ್ಲು ಬರಬೇಕು ಅಜ್ಜಿ. ಅದು ಎಲ್ಲಿ ಬರುತ್ತೆ?"

"ಬತ್ತದೆ ಬುಡು. ಬರೋದು ಜಾಗ ಮಾಡ್ಕಂಡು ಬತ್ತದೆ."

"ಬರಲ್ಲ. ಹಲ್ಲಿನ ಮೇಲೆ ಹಲ್ಲಾಗುತ್ತೆ."

"ಆದ್ರೆ ಅದೃಷ್ಟ ಕಣವ್ವ!" ಚಿನ್ನಮ್ಮ ನಕ್ಕಳು. ಬಾಗಿಲಲ್ಲಿ ನಿಂತಿದ್ದ ಅಡುಗೆಯವರೂ ನಕ್ಕರು. ಆಮೇಲೆ ಆಕೆ ಯಶೋಧಾಳ ಮುಖದ ಹತ್ತಿರ ಬಗ್ಗಿ, ನಿಧಾನವಾಗಿ ಅಂದಳು: "ಅದಿರ್ಲಿ ಡಾಕ್ಟ್ರವ್ವ, ನಿನ್ನ ಕೆಳಗಿನ ಸಾಲಲ್ಲಿ ಒಂದು ಹಲ್ಲು ಹಿಂದಕ್ಕೆ ಹೋಗಿ ಅವಿತ್ಕಂಡು ಕೂತದಲ್ಲ. ನೀನು ನಮ್ಮೂರಲ್ಲಿ ಹುಟ್ಟಿದ್ರೆ ನಾನು ಅಂಗೆ ಬುಡ್ತಿರ್ಲಿಲ್ಲ."

ಯಶೋಧಾ ಬಾಯಿ ಮುಚ್ಚಿಕೊಂಡಳು. ಆ ಮಾತು ಸುಳ್ಳಾಗಿರಲಿಲ್ಲ. ಕೋಡಿಹಳ್ಳಿಯ ಕಡೆ ಅಂಗಡಿ ಇಟ್ಟುಕೊಂಡಿದ್ದ ಅವಳ ಅಪ್ಪ ಪಂಚಾಕ್ಷರಯ್ಯನವರಿಗೆ ಮಗಳನ್ನು ಓದಿಸಬೇಕೆಂದು ಗೊತ್ತಿತ್ತು. ಮಗಳ ಹಲ್ಲನ್ನು ಯಾರಿಗಾದರೂ ತೋರಿಸಬೇಕೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದಂತವೈದ್ಯೆಯಾದ ಮೇಲೂ ಅವಳು ಫೋಟೋದಲ್ಲಿ ತುಟಿ ಬಿಗಿಹಿಡಿದೇ ನಗುವುದು.

*

ಚಿನ್ನಮ್ಮನ ತವರು ಮಾಗಡಿ ಕಡೆ. ಮದುವೆಯಾಗಿ ಬಂದಾಗ ಆಕೆಗೆ ರೇಷ್ಮೆಹುಳದ ಕೆಲಸ ಗೊತ್ತಿರಲಿಲ್ಲ. ಅತ್ತೆ ಕೈಹಿಡಿದು ಕಲಿಸಿದಳು. ಸೊಪ್ಪು ಕೊಯ್ಯುವುದು, ಚಾಕಿ ಅನ್ನುವ ಎಳೆಯ ಹುಳಕ್ಕೆ ಸಣ್ಣಗೆ ಹೆಚ್ಚುವುದು, ಹುಳ ಪೊರೆ ಬಿಡಲು ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸುವುದು, ಹಣ್ಣಾದ ಹುಳವನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದು. ಕಲಿತದ್ದರಲ್ಲಿ ಆಕೆ ಎಲ್ಲಕ್ಕಿಂತ ಗಟ್ಟಿಯಾಗಿ ನಂಬಿದ್ದು ಒಂದೇ ಮಾತು. ಒತ್ತಾದರೆ ಕೆಟ್ಟಿತು. ತಟ್ಟೆಯಲ್ಲಿ ಹುಳ ಒತ್ತಾದರೆ ರೋಗ ಬರುತ್ತದೆ. ಚಂದ್ರಿಕೆಯಲ್ಲಿ ಒತ್ತಾದರೆ ಎರಡು ಹುಳ ಸೇರಿ ಒಂದೇ ಗೂಡು ಕಟ್ಟುತ್ತವೆ. ಅಂಥ ಜೋಡಿಗೂಡಿನಿಂದ ಎಳೆ ಸರಾಗವಾಗಿ ಬಿಚ್ಚುವುದಿಲ್ಲ. ಹಾಗಾಗಿ ಒತ್ತು ಕಂಡ ಕೂಡಲೇ ನಡುವಿನಿಂದ ಕೆಲವನ್ನು ತೆಗೆದುಬಿಡಬೇಕು. ತೆಗೆದರೆ ಉಳಿದವು ತಾವಾಗಿಯೇ ಹರಡಿಕೊಳ್ಳುತ್ತವೆ.

ಮಗ ಅಶೋಕನಿಗೆ ಏಳು ವರ್ಷವಾದಾಗ ಮುಂಹಲ್ಲು ಒತ್ತಾಗಿ ಬಂದವು. ಚಿನ್ನಮ್ಮ ಹೆಚ್ಚು ಯೋಚಿಸಲಿಲ್ಲ. ಪಕ್ಕದ ಒಂದು ಹಾಲುಹಲ್ಲಿಗೆ ರೇಷ್ಮೆ ಎಳೆ ಸುತ್ತಿ ಬಿಗಿದಳು. ಹಸಿ ರೇಷ್ಮೆ ನೆನೆದರೂ ಜಗ್ಗದು, ಹರಿಯದು. ದಿನಕ್ಕಿಷ್ಟು ಬಿಗಿಯುತ್ತಾ ಬಂದರೆ ದಾರ ಹಲ್ಲಿನ ಬುಡಕ್ಕೆ ಜಾರುತ್ತಾ ಹಲ್ಲನ್ನು ಮೇಲಕ್ಕೆತ್ತುತ್ತದೆ. ಹಲ್ಲು ಬಿತ್ತು. ಅದನ್ನು ಸಗಣಿ ಉಂಡೆಯಲ್ಲಿಟ್ಟು ಅಶೋಕ ಹುಳದ ಮನೆಯ ಸೂರಿನ ಮೇಲೆ ಎಸೆದ. ಕೆಲವು ತಿಂಗಳಲ್ಲಿ ಮುಂಹಲ್ಲು ನೇರವಾಯಿತು. ನೋಡಿದವರು ತಮ್ಮ ಮಕ್ಕಳನ್ನು ಕರೆತಂದರು. ಆಕೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಬಂದ ಮಗುವಿಗೆ ತಾನೇ ಒಂದು ಚೂರು ಬೆಲ್ಲ ಕೊಡುತ್ತಿದ್ದಳು. ಊರಲ್ಲಿ ಅವಳನ್ನು ಚಿನ್ನಮ್ಮ ಅನ್ನುವವರು ಕಡಿಮೆಯಾಗಿ ಹಲ್ಲಜ್ಜಿ ಅನ್ನುವವರು ಹೆಚ್ಚಾದರು.

ಅಶೋಕನ ದವಡೆ ಅಗಲವಾಗಿತ್ತು, ಅದು ಚಿನ್ನಮ್ಮನ ಅದೃಷ್ಟ. ಅವನ ಕೋರೆಹಲ್ಲಿಗೆ ಹೇಗೋ ಜಾಗ ಸಿಕ್ಕಿತು. ಉಳಿದ ಮಕ್ಕಳಿಗೆ ಸಿಕ್ಕಿತೋ ಇಲ್ಲವೋ ಯಾರೂ ನೋಡಲಿಲ್ಲ. ಹಲ್ಲು ಕಿತ್ತದ್ದು ಏಳನೇ ವರ್ಷದಲ್ಲಿ, ಕೋರೆ ತಪ್ಪಿ ಬರುವುದು ಹತ್ತೋ ಹನ್ನೆರಡೋ ವರ್ಷಕ್ಕೆ. ಅಷ್ಟು ಹೊತ್ತಿಗೆ ದಾರದ ನೆನಪು ಯಾರಿಗಿರುತ್ತದೆ? ಮೇಲೆ ಹತ್ತಿ ಬಂದ ಹಲ್ಲನ್ನು ಅದೃಷ್ಟದ ಹಲ್ಲು ಎಂದು ಹೇಳಿ ಎಲ್ಲರೂ ಸಮಾಧಾನ ಮಾಡಿಕೊಂಡರು. ಹೆಚ್ಚು ಸಲ ಹಾಗೆ ಹೇಳಿದವಳೂ ಚಿನ್ನಮ್ಮನೇ.

*

ಶಾಲೆಗೆ ಹೋಗಿ ಬಂದ ವಾರದೊಳಗೆ ಒಬ್ಬ ಯುವಕ ಕ್ಲಿನಿಕ್ಕಿಗೆ ಬಂದು ಹೊರಗಿನ ಬೆಂಚಿನ ತುದಿಯಲ್ಲಿ ಕುಳಿತ. ಹಾರೋಹಳ್ಳಿಯ ಕಾರ್ಖಾನೆಯೊಂದರ ಹೆಸರಿದ್ದ ಅಂಗಿ ಹಾಕಿದ್ದ. ಯಶೋಧಾ ಕರೆದಾಗ ತನ್ನ ಹಲ್ಲು ತೋರಿಸಲಿಲ್ಲ. ಮೊಬೈಲಿನಲ್ಲಿ ಮಗಳು ಬಾಯಿ ತೆಗೆದ ಫೋಟೋ ತೋರಿಸಿದ.

"ನಾನು ಅಶೋಕ್ ಮೇಡಂ. ಅಮೂಲ್ಯನ ಅಪ್ಪ. ಕೋರೆಹಲ್ಲಿಗೆ ಜಾಗ ಇಲ್ಲ ಅಂದ್ರಂತಲ್ಲ. ಮಗು ಮನೇಲಿ ಹೇಳ್ತು. ನಿಜವಾ?"

"ಎಕ್ಸ್‌ರೇ ತೆಗೆದರೆ ಗೊತ್ತಾಗುತ್ತೆ. ಜಾಗ ಹೋಗಿದ್ದರೂ ಅವಳಿಗೆ ಈಗ ಎಂಟೇ ವರ್ಷ. ಜಾಗ ಮತ್ತೆ ಬಿಡಿಸಬಹುದು. ಕೋರೆ ಹುಟ್ಟೋಕೆ ಶುರುವಾದ ಮೇಲೆ ಕಷ್ಟ."

ಅಶೋಕ್ ತಲೆ ಕೆರೆದುಕೊಂಡ. "ಅವ್ವನ್ನ ಬುಟ್ಟು ಕರ್ಕಬರಂಗಿಲ್ಲ ಮೇಡಂ. ಕರ್ಕಬಂದ್ರೆ, ನಿನ್ನ ಹಲ್ಲು ನೆಟ್ಟಗೆ ಮಾಡ್ದೋಳು ನಾನು, ನನ್ ಮೇಲೆ ನಂಬ್ಕೆ ಇಲ್ವಾ ಅಂತಾಳೆ. ಮಧುಕುಮಾರ್‌ಗೆ ನಿನ್ನೇನೇ ಇನ್ನೊಂದು ದಾರ ಕಟ್ಟವ್ಳೆ."

"ಮತ್ತೆ ಕಟ್ಟಿದ್ರಾ?" ಯಶೋಧಾ ಕುರ್ಚಿಯಿಂದ ಎದ್ದೇಬಿಟ್ಟಳು.

"ಅವ್ವ ಸೋತು ಬರಾಕಿಲ್ಲ ಮೇಡಂ. ಗೆಲ್ಲಾಕೆ ಅಂದ್ರೆ ಬತ್ತಾಳೆ. ನಾಳಿಕ್ಕೇ ಗೂಡು ಹಾಕಾಕೆ ಮಾರ್ಕೆಟ್‌ಗೆ ಬತ್ತಾಳೆ, ಹೇಳ್ತೀನಿ, ಆ ಡಾಕ್ಟ್ರಮ್ಮ ಅಮೂಲ್ಯನ ಹಲ್ಲು ನೋಡಿ ಸೋಲೊಪ್ಕಳಾಕೆ ಕಾಯ್ತಾವ್ರೆ ಅಂತ."

ಯಶೋಧಾಗೆ ನಗು ಬಂತು. ತುಟಿ ಬಿಗಿಹಿಡಿದೇ ನಕ್ಕಳು.

*

ಚಿನ್ನಮ್ಮ ಗೆಲ್ಲಲೆಂದೇ ಬಂದಳು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ವ್ಯಾಪಾರ ಮುಗಿಸಿ, ಸೆರಗಿಗೆ ಅಂಟಿದ್ದ ಗೂಡಿನ ಹಳದಿ ನಾರನ್ನೂ ಕೊಡವದೆ, ಮೊಮ್ಮಗಳ ಕೈ ಹಿಡಿದು ಕ್ಲಿನಿಕ್ಕಿನೊಳಗೆ ಕಾಲಿಟ್ಟಳು. ಹಿಂದೆ ಅಶೋಕ್. ಬಾಗಿಲಲ್ಲೇ, "ತಗಿಯವ್ವ ನಿನ್ನ ಪಟ," ಅಂದಳು.

ಅಮೂಲ್ಯ ಎಕ್ಸ್‌ರೇ ಯಂತ್ರದ ಮುಂದೆ ಗದ್ದ ಊರಿ ನಿಂತಳು. ಯಂತ್ರ ಅವಳ ತಲೆಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂತು. ಆಮೇಲೆ ಎಲ್ಲರೂ ಯಶೋಧಾಳ ಮೇಜಿನ ಸುತ್ತ ಸೇರಿದರು. ಕಂಪ್ಯೂಟರಿನಲ್ಲಿ ಚಿತ್ರ ಮೂಡಿತು.

ಚಿನ್ನಮ್ಮ ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

ಮೊಮ್ಮಗಳ ಮುದ್ದು ಮುಖ ಅಲ್ಲಿರಲಿಲ್ಲ. ಇದ್ದದ್ದು ಬೂದುಬಣ್ಣದ ದವಡೆ, ಮತ್ತು ಹಲ್ಲುಗಳು. ಬಾಯಲ್ಲಿ ಕಾಣುವ ಸಾಲು ಒಂದು. ಅದರ ಕೆಳಗೆ, ಮೂಳೆಯ ಒಳಗೆ, ಇನ್ನೊಂದು ಸಾಲು. ಮೇಲಿನ ದವಡೆಯಲ್ಲಿ ಕಣ್ಣಿನ ಗುಳಿಯ ತೀರ ಹತ್ತಿರದವರೆಗೆ ಹಲ್ಲುಗಳು ಮಲಗಿದ್ದವು.

"ಅಯ್ಯೋ ಶಿವನೆ," ಅಂದಳು. ದನಿ ಇಳಿದಿತ್ತು. "ಏನವ್ವ ಇದು? ಕೂಸಿನ ಮಖದೊಳಗೆ ಇಷ್ಟೊಂದು ಹಲ್ಲು ಯಾಕವೆ? ಏನಾರ ಕಾಯ್ಲೆನಾ?"

"ಕಾಯಿಲೆ ಅಲ್ಲ ಅಜ್ಜಿ. ಎಲ್ಲ ಮಕ್ಕಳಿಗೂ ಹೀಗೇ. ಹೊಸ ಹಲ್ಲು ಹಳೇದು ಬಿದ್ದ ಮೇಲೆ ತಯಾರಾಗೋದಲ್ಲ. ಮೊದಲೇ ಒಳಗೆ ಸರದಿ ನಿಂತಿರುತ್ತೆ."

ಚಿನ್ನಮ್ಮ ಚಿತ್ರದ ಹತ್ತಿರಕ್ಕೆ ಬಗ್ಗಿದಳು. ಹುಳ ಹೋದ ಜಾಗ ಖಾಲಿಯಾಗುತ್ತದೆ. ಹಲ್ಲು ಹೋದ ಜಾಗವೂ ಹಾಗೇ ಎಂದು ಆಕೆ ಇಷ್ಟು ವರ್ಷ ತಿಳಿದಿದ್ದಳು. ಅದರ ಕೆಳಗೆ ಯಾರೋ ಕಾಯುತ್ತಿದ್ದಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಯಶೋಧಾ ಪೆನ್ನಿನ ತುದಿಯಿಂದ ಎರಡು ಹಲ್ಲು ತೋರಿಸಿದಳು. ಕೆಳದವಡೆಯ ಎರಡೂ ಬದಿಯಲ್ಲಿ, ಆಳದಲ್ಲಿ, ಚೂಪು ತುದಿ ಮೇಲೆ ಮಾಡಿಕೊಂಡು ನಿಂತಿದ್ದವು. ಅವುಗಳ ನೆತ್ತಿಯ ಮೇಲೆ ದಾರಿ ಮುಚ್ಚಿಹೋಗಿತ್ತು. "ಇವು ಅಮೂಲ್ಯನ ಕೋರೆಹಲ್ಲು. ನೀವು ತೆಗೆದದ್ದು ಇವುಗಳ ಜಾಗ ಹಿಡಿದಿದ್ದ ಹಾಲುಹಲ್ಲು."

"ನನಗೆ ಅರ್ಥ ಆಗೋ ಅಂಗೆ ಹೇಳವ್ವ."

ಯಶೋಧಾ ಪುಸ್ತಕದಲ್ಲಿ ಓದಿದ ಮಾತುಗಳನ್ನೆಲ್ಲ ತಡಕಿದಳು, ಯಾವುದೂ ಒದಗಲಿಲ್ಲ. ಕಡೆಗೆ ತಾನು ಪಿಯುಸಿ ಓದುವಾಗ ದಿನಾ ಕಾಲೇಜಿಗೆ ಹೋಗುತ್ತಿದ್ದ ಬಸ್ಸು ನೆನಪಾಯಿತು.

"ಕೋಡಿಹಳ್ಳಿಯಿಂದ ಕನಕಪುರಕ್ಕೆ ಬರೋ ಬಸ್ಸಲ್ಲಿ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡೀತಾರಲ್ಲ ಅಜ್ಜಿ, ಹಾಲುಹಲ್ಲು ಆ ಟವಲ್ ಇದ್ದ ಹಾಗೆ. ಜನ ಇನ್ನೂ ಹತ್ತಿರಲ್ಲ, ಆದರೆ ಸೀಟು ಅವರದ್ದೇ. ಅವರು ಬರೋಕೆ ಮುಂಚೆ ಟವಲ್ ತೆಗೆದರೆ?"

"ಪಕ್ಕದೋರು ಅಗಲ ಮಾಡ್ಕಂಡು ಕೂತ್ಕತಾರೆ," ಅಂದ ಅಶೋಕ್.

"ಕೂತವರಿಗೆ ಆರಾಮ. ನೋಡೋಕೂ ಚೆಂದ. ಆದ್ರೆ ಸೀಟಿನವನು ಬಂದಾಗ ಎಲ್ಲಿ ಕೂರ್ತಾನೆ?"

ಚಿನ್ನಮ್ಮ ಚಿತ್ರದಿಂದ ಕಣ್ಣು ಕೀಳಲಿಲ್ಲ. "ಬಾಗ್ಲಲ್ಲಿ ನೇತಾಡ್ತಾನೆ. ಇಲ್ದಿದ್ರೆ ಟಾಪ್ ಮೇಲೆ ಹತ್ತಾನೆ." ಆಮೇಲೆ ಅಂದಳು: "ಅಂಗಾದ್ರೆ ನಾನು ಊರ್ನೋರ ಟವಲ್ಲೆಲ್ಲ ಕಿತ್ತು ಕಿತ್ತು ಬಿಸಾಕ್ಬುಟ್ನಾ?"

ಯಶೋಧಾಗೆ ಗೆದ್ದೆ ಅನಿಸಲಿಲ್ಲ. "ನೀವು ಮಾಡಿದ್ದು ಪೂರಾ ತಪ್ಪಲ್ಲ ಅಜ್ಜಿ. ನಾವೂ ಕೆಲವು ಮಕ್ಕಳಿಗೆ ಒತ್ತು ಬಿಡಿಸೋಕೆ ಹಾಲುಹಲ್ಲು ತೆಗೀತೀವಿ. ಒಳಗೆ ಯಾರು ಕಾಯ್ತಿದ್ದಾರೆ ನೋಡಿ, ಅಳೆದು, ಮುಂದೆ ಅವರನ್ನ ಎಲ್ಲಿ ಕೂರಿಸಬೇಕು ಅಂತ ಗೊತ್ತು ಮಾಡ್ಕೊಂಡು ತೆಗೀತೀವಿ. ಏಳು ವರ್ಷದ ಮಗುವಿಗೆ ಸ್ವಲ್ಪ ಒತ್ತಿದ್ದರೆ ಎಷ್ಟೋ ಸಲ ಏನೂ ಮಾಡಬೇಕಾಗಿಲ್ಲ. ದವಡೆ ಬೆಳೆಯುತ್ತೆ, ಹಿಂದಿನ ಹಾಲುಹಲ್ಲು ಬಿದ್ದಾಗ ಇನ್ನಷ್ಟು ಜಾಗ ಸಿಗುತ್ತೆ. ನೋಡ್ತಾ ಇದ್ದರೆ ಸಾಕು."

ಅಮೂಲ್ಯ ಚಿತ್ರವನ್ನೇ ದಿಟ್ಟಿಸಿ, "ಅಜ್ಜಿ, ನಾನು ದೆವ್ವದ ಥರ ಕಾಣ್ತೀನಿ," ಎಂದು ಖುಷಿಯಿಂದ ಹೇಳಿದಳು.

"ನಾನು ಹಲ್ಲು ತಗುದಿದ್ನಲ್ಲ, ಆ ನೂರೀನ್ ಮನೆ ಇಲ್ಲೇ ಅಲ್ವೇನ್ಲಾ?" ಚಿನ್ನಮ್ಮ ಮಗನನ್ನು ಕೇಳಿದಳು. ಆಮೇಲೆ ಯಶೋಧಾಳ ಕಡೆ ತಿರುಗಿದಳು. "ನೀನೂ ಬಾ ತಾಯಿ. ನಾನೊಬ್ಳೇ ನೋಡಿದ್ರೆ ನಂಗೆ ಬೇಕಾದಂಗೆ ನೋಡ್ಕಬುಡ್ತೀನಿ."

*

ಚಿನ್ನಮ್ಮನಿಗೆ ದಾರ ಕೊಡುತ್ತಿದ್ದವನು ಮುಜೀಬ್. ರಾಮನಗರದಲ್ಲಿ ಗೂಡಿನಿಂದ ರೇಷ್ಮೆ ಬಿಚ್ಚುವ ಸಣ್ಣ ಘಟಕವಿತ್ತು ಅವನಿಗೆ. ಚಿನ್ನಮ್ಮನ ಗೂಡನ್ನು ಎಷ್ಟೋ ವರ್ಷದಿಂದ ಮಾರುಕಟ್ಟೆಯ ಹರಾಜಿನಲ್ಲಿ ಕೂಗಿ ಕೊಳ್ಳುತ್ತಿದ್ದ. ಆ ಸಲಿಗೆಯಲ್ಲಿ ಒಮ್ಮೆ ಮಗಳು ನೂರೀನಳನ್ನು ಚಿನ್ನಮ್ಮನ ಬಳಿ ಕರೆದೊಯ್ದಿದ್ದ. ಮೇಲೆ ಕೆಳಗೆ ಎರಡೂ ಸಾಲಿನ ಹಾಲುಕೋರೆಗಳನ್ನು ಆಕೆ ತೆಗೆದಿದ್ದಳು. ಊರಾಚೆಯಿಂದ ಅವಳನ್ನು ಹುಡುಕಿಕೊಂಡು ಬಂದ ಮೊದಲ ಮಗು ಅದು. ಚಿನ್ನಮ್ಮ ಅದನ್ನು ಹೇಳಿಕೊಳ್ಳದ ದಿನವಿರಲಿಲ್ಲ.

ಮನೆಯ ಮುಂಭಾಗದಲ್ಲಿ ಬಿಸಿನೀರಿನ ತೊಟ್ಟಿಗಳಿಂದ ಬೆಂದ ಗೂಡಿನ ವಾಸನೆ ಬರುತ್ತಿತ್ತು. ಮುಜೀಬ್ ಒದ್ದೆ ಕೈ ಒರೆಸಿಕೊಂಡು ಎದ್ದ. "ಅಮ್ಮಾ, ಮಾರ್ಕೆಟ್‌ನಿಂದ ನೇರ ಬಂದ್ರಾ? ದಾರ ಬೇಕಿತ್ತಾ?"

"ದಾರದ ಸುದ್ದಿ ಎತ್ತಬ್ಯಾಡ ಮುಜೀಬಣ್ಣ. ಮಗಳ್ನ ಕರಿ."

ನೂರೀನ್ ಕಾಲೇಜಿನಿಂದ ಆಗಷ್ಟೇ ಬಂದಿದ್ದಳು. ಪಿಯುಸಿ ಓದುವ ಹುಡುಗಿ. ಚಿನ್ನಮ್ಮನನ್ನು ಕಂಡು ನಕ್ಕಳು. ನಗುವಾಗ ದುಪ್ಪಟ್ಟದ ತುದಿ ತಾನಾಗಿಯೇ ಬಾಯಿಗೆ ಬಂತು. ಯಶೋಧಾ ಅದನ್ನು ಗಮನಿಸಿದಳು. ಆ ಅಭ್ಯಾಸ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ದುಪ್ಪಟ್ಟ ತಗಿ ಮಗ. ಬಾಯಿ ತೋರ್ಸು."

"ಯಾಕಜ್ಜಿ, ಇನ್ನೂ ಕೀಳೋದು ಉಳಿದಿದ್ಯಾ?"

"ಬೆಳಕಿಗೆ ಬಾ."

ನೂರೀನ್ ಬಾಗಿಲ ಬೆಳಕಿಗೆ ಬಂದು ತುಟಿ ಎತ್ತಿದಳು. ಮೇಲಿನ ಎರಡೂ ಕೋರೆಹಲ್ಲು ಸಾಲಿನಲ್ಲಿರಲಿಲ್ಲ. ವಸಡಿನ ಮೇಲ್ಭಾಗದಲ್ಲಿ ಹೊರಚಾಚಿ ನಿಂತಿದ್ದವು. ತುಟಿಯ ಒಳಬದಿಯಲ್ಲಿ ಅವು ತಾಗಿ ತಾಗಿ ಆದ ಗಾಯದ ಗುರುತಿತ್ತು. ಕೆಳಗಿನ ಎರಡು, ಸಾಲಿನಿಂದ ಆಚೆಗೆ ಬಾಗಿದ್ದವು. ಚಿನ್ನಮ್ಮ ಈ ಹುಡುಗಿಯನ್ನು ವರ್ಷಕ್ಕೆ ಎಷ್ಟೋ ಸಲ ನೋಡಿದ್ದಳು. ಆದರೆ ಈ ಬಾಯಿಯನ್ನು ಈಗಲೇ ನೋಡುತ್ತಿದ್ದಳು.

"ಟಾಪ್ ಮೇಲೆ ಹತ್ತಿ ಕೂತವೆ," ಎಂದು ಪಿಸುಗುಟ್ಟಿದಳು.

"ನೀವೇ ಹೇಳಿದ್ರಲ್ಲ ಅಜ್ಜಿ, ಅದೃಷ್ಟದ ಹಲ್ಲು ಅಂತ," ಅಂದಳು ನೂರೀನ್. "ಒಂದಲ್ಲ, ನಾಲ್ಕು ಅದೃಷ್ಟ ನನಗೆ. ಕಾಲೇಜಲ್ಲಿ ಸೆಮಿನಾರ್ ಕೊಡು ಅಂದ್ರೆ ಹಲ್ಲು ಕಾಣುತ್ತೆ ಅಂತ ಜ್ವರ ಬರುತ್ತೆ. ಈ ಅದೃಷ್ಟ ಕೆಲಸ ಶುರು ಮಾಡೋದು ಯಾವಾಗ?"

ಮುಜೀಬ್ ಮಗಳನ್ನು ಗದರಲು ಬಾಯಿ ತೆರೆದ. ಚಿನ್ನಮ್ಮ ಕೈ ಎತ್ತಿ ತಡೆದಳು. "ಅನ್ನಲಿ ಬುಡು. ಇದುಕ್ಕೆ ಏನ್ ಮಾಡ್ಬೇಕು ಡಾಕ್ಟ್ರವ್ವ?"

ಯಶೋಧಾ ಸುತ್ತುಬಳಸದೆ ಹೇಳಿದಳು. "ತಂತಿ ಹಾಕಿ ಎಳೀಬೇಕು, ಒಂದೂವರೆ ಎರಡು ವರ್ಷ ಹಿಡಿಯಬಹುದು. ಬಹುಶಃ ಜಾಗ ಮಾಡೋಕೆ ಗಟ್ಟಿಯಾದ, ಏನೂ ಕೆಟ್ಟಿಲ್ಲದ ಹಲ್ಲುಗಳನ್ನೇ ತೆಗೀಬೇಕಾಗುತ್ತೆ. ಮತ್ತೆ ಹುಟ್ಟದೇ ಇರೋ ಹಲ್ಲು."

ಚಿನ್ನಮ್ಮ ಬಾಗಿಲ ಹೊಸ್ತಿಲ ಮೇಲೆ ಕುಸಿದು ಕುಳಿತಳು. ನೂರೀನಳಿಗೇ ಗಾಬರಿಯಾಗಿ, "ಅಯ್ಯೋ, ತಮಾಷೆಗೆ ಅಂದೆ ಅಜ್ಜಿ," ಎಂದು ನೀರು ತಂದಳು.

ಆಕೆ ನೀರು ಕುಡಿದು ಎದ್ದಳು. "ಅಮೂಲ್ಯಂಗೆ ಏನ್ ಮಾಡ್ತಿಯೋ ಮಾಡವ್ವ. ಮೊದ್ಲು ನಾನು ಊರಿಗೆ ಹೋಗ್ಬೇಕು. ಆ ಹುಡುಗನ ಬಾಯಲ್ಲಿ ದಾರ ಐತೆ."

*

ಅಶೋಕ್ ಬೈಕಿನಲ್ಲಿ ತಾಯಿಯನ್ನೂ ಮಗಳನ್ನೂ ಕೂರಿಸಿಕೊಂಡು ನೇರ ಮಧುಕುಮಾರನ ಮನೆಗೆ ಹೋದ. ಅಲ್ಲಿ ನಡೆದದ್ದನ್ನು ಅವನೇ ಆಮೇಲೆ ಯಶೋಧಾಗೆ ಹೇಳಿದ.

ಚಿನ್ನಮ್ಮ ಅಂಗಳದಲ್ಲೇ ಹುಡುಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ದಾರ ಬಿಚ್ಚಿದಳು. ಹುಡುಗನ ತಾಯಿ ಓಡಿ ಬಂದಳು. "ಇದೇನ್ ಹಲ್ಲಜ್ಜಿ, ಆ ಡಾಕ್ಟ್ರು ಕತ್ತರ್ಸಿದ್ರೆ ನೀನೇ ಬೈದೆ. ಈಗ ನೀನೇ ಬಿಚ್ತಾ ಇದ್ದಿಯಾ?"

"ಇನ್ಮ್ಯಾಕೆ ಕಟ್ಟಾಕಿಲ್ಲ ಕಣವ್ವ. ಇದು ಬೀಳೋ ಹಲ್ಲಲ್ಲ. ನಾನು ತಿಳೀದೆ ಮಾಡಿದ್ದು."

"ಅಂಗಾದ್ರೆ ನಮ್ಮ ದೊಡ್ಡವಳಿಗೆ ಕಿತ್ತಿದ್ಯಲ್ಲ?"

ಆ ಪ್ರಶ್ನೆಯನ್ನು ಆಕೆ ಅಂದಿನಿಂದ ಎಷ್ಟು ಅಂಗಳಗಳಲ್ಲಿ ಕೇಳಿಸಿಕೊಂಡಳೋ. ಕೆಲವರು ಪರವಾಗಿಲ್ಲ ಬಿಡು ಅಂದರು. ಕೆಲವರು ಬೆನ್ನ ಹಿಂದೆ, ಪಟ್ಟಣದ ಡಾಕ್ಟರಮ್ಮ ಅವಳಿಗೆ ಮದ್ದು ಹಾಕಿದ್ದಾಳೆ ಅಂದರು. ಒಬ್ಬ ಅಪ್ಪನಂತೂ ಹುಳದ ಮನೆಯ ಬಾಗಿಲಿಗೇ ಬಂದು, "ನನ್ ಮಗಳನ್ನ ನೋಡಾಕೆ ಗಂಡಿನೋರು ಬಂದ್ರೆ ನೀನೇ ಬಂದು ನಿಂತ್ಕಂಡು ಉತ್ರ ಹೇಳು," ಎಂದು ಕೂಗಾಡಿ ಹೋದ. ಚಿನ್ನಮ್ಮ ಸೊಪ್ಪು ಹಾಕುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಅವನು ಹೋದ ಮೇಲೆ, "ಆ ಮಗೀನೂ ಒಸಿ ಡಾಕ್ಟ್ರವ್ವನ ತಾವ ಕರ್ಕೊಂಡೋಗ್ಲಾ," ಎಂದು ಅಶೋಕನಿಗೆ ಹೇಳಿದಳು.

ಅಮೂಲ್ಯನ ಹಲ್ಲಿನ ಕೆಲಸ ಅದೇ ತಿಂಗಳು ಶುರುವಾಯಿತು. ಮೊದಲು ಹರಡಿಕೊಂಡ ಹಲ್ಲುಗಳನ್ನು ಸರಿಸಿ ಜಾಗ ಬಿಡಿಸಲು ಬಾಯಿಂದ ತೆಗೆದು ಹಾಕುವ ಒಂದು ಪ್ಲೇಟು. ಜಾಗ ಬಿಟ್ಟ ಮೇಲೆ, ಅದು ಮತ್ತೆ ಮುಚ್ಚದಂತೆ ಎರಡು ದವಡೆಹಲ್ಲಿಗೆ ಉಂಗುರ ತೊಡಿಸಿ ಕೆಳಸಾಲಿನ ಒಳಬದಿಗೆ ಕೂರಿಸಿದ ತೆಳ್ಳನೆಯ ತಂತಿ. ಪ್ಲೇಟನ್ನು ಅಮೂಲ್ಯ ಒಮ್ಮೆ ಶಾಲೆಯಲ್ಲಿ ಬಿಟ್ಟು ಬಂದಳು. ಇನ್ನೊಮ್ಮೆ ಅದನ್ನು ಕರು ತುಳಿಯಿತು. ಪ್ರತಿ ಸಲವೂ ಚಿನ್ನಮ್ಮನೇ ಅವಳನ್ನು ಕರೆದುಕೊಂಡು ಬಸ್ಸು ಹತ್ತಿ ಬಂದಳು. ಪ್ರತಿ ಸಲವೂ ಚಿಕಿತ್ಸೆಯ ಕುರ್ಚಿಯ ಪಕ್ಕ ನಿಂತು ಕೇಳುತ್ತಿದ್ದದ್ದು ಒಂದೇ ಮಾತು. "ಸೀಟು ಐತಾ?"

"ಬಿಡ್ತಾ ಇದೆ ಅಜ್ಜಿ. ಆದ್ರೆ ಹಲ್ಲು ಬರೋವರೆಗೂ ನಾನು ಮಾತು ಕೊಡಲ್ಲ."

ಒಂದು ಸಲ ಆಕೆ ಯಶೋಧಾಳನ್ನೇ ದಿಟ್ಟಿಸಿ ನೋಡಿ, "ನಿನ್ನ ಆ ಅವಿತ್ಕಂಡಿರೋ ಹಲ್ಲು ಯಾವಾಗ ಸರಿ ಮಾಡ್ಕತೀಯವ್ವ?" ಅಂದಳು. ಈ ಸಲ ಅದರಲ್ಲಿ ಚುಚ್ಚು ಇರಲಿಲ್ಲ. ಮುಂದಿನ ಸಲ ಬಂದಾಗ ಯಶೋಧಾಳ ಹಲ್ಲಿಗೂ ತಂತಿ ಬಿದ್ದಿತ್ತು. ನೂರೀನಳ ಹಲ್ಲಿಗೆ ತಂತಿ ಹಾಕಿದ ವೈದ್ಯರೇ ಇವಳಿಗೂ ಹಾಕಿದ್ದರು. ಚಿನ್ನಮ್ಮ ಅದನ್ನು ಕಂಡು ಬಾಯಿಗೆ ಸೆರಗು ಹಿಡಿದು ನಕ್ಕಳು.

ಅಮೂಲ್ಯನಿಗೆ ಹತ್ತು ತುಂಬಿದ ಮೇಲೆ ಒಂದು ದಿನ, ಚಂದ್ರಿಕೆಗೆ ಹುಳ ಬಿಡುವ ಗಡಿಬಿಡಿಯ ನಡುವೆ, ಅವಳು ಅಜ್ಜಿಯ ಬೆರಳು ಹಿಡಿದು ತನ್ನ ಬಾಯೊಳಗೆ ಇಟ್ಟುಕೊಂಡಳು. ಬಿಡಿಸಿಟ್ಟ ಸಂದಿಯಲ್ಲಿ ಏನೋ ಚೂಪಾಗಿ ತಾಗಿತು. ಚಿನ್ನಮ್ಮ ಸರಕ್ಕನೆ ಕೈ ಎಳೆದುಕೊಂಡಳು. ಮೊಮ್ಮಗಳನ್ನು ಬಾಗಿಲ ಬೆಳಕಿಗೆ ಎಳೆದು ತಂದು ನೋಡಿದಳು. ವಸಡು ಸೀಳಿಕೊಂಡು ಬಿಳಿಯ ತುದಿಯೊಂದು ಹೊರಬಂದಿತ್ತು. ಆಚೆ ಬದಿಯಲ್ಲಿ ಇನ್ನೊಂದರ ಉಬ್ಬು. ಎರಡೂ ಸಾಲಿನಲ್ಲೇ ಇದ್ದವು. ಕೈ ತೊಳೆಯುವುದನ್ನೂ ಮರೆತು ಆಕೆ ಅಶೋಕನ ಮೊಬೈಲಿನಿಂದ ಯಶೋಧಾಗೆ ಫೋನು ಮಾಡಿಸಿದಳು.

"ಡಾಕ್ಟ್ರವ್ವ, ಸೀಟ್ನೋರು ಬಂದ್ರು ಕಣವ್ವ!"

ಚಿನ್ನಮ್ಮ ಈಗ ಯಾವ ಮಗುವಿನ ಹಲ್ಲನ್ನೂ ಕೀಳುವುದಿಲ್ಲ. ಹುಳ ಸಾಕುತ್ತಾಳೆ. ಊರಿನ ಮಕ್ಕಳಿಗೆ ಏಳು ವರ್ಷವಾಗುತ್ತಿದ್ದಂತೆ ಬಾಗಿಲ ಬೆಳಕಿಗೆ ನಿಲ್ಲಿಸಿ ಬಾಯಿ ನೋಡುತ್ತಾಳೆ. ಹಲ್ಲು ಒತ್ತಾಗಿ ಕಂಡರೆ, ಮಾರುಕಟ್ಟೆಗೆ ಗೂಡು ತರುವ ದಿನ ಆ ಮಗುವನ್ನೂ ತಾಯಿಯನ್ನೂ ಜೊತೆಗೆ ಕರೆತಂದು ಯಶೋಧಾಳ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂರಿಸುತ್ತಾಳೆ.